ಭಾವ ತೆಗೆದ ಹಳದಿ

ಕಳೆದ ವಾರ ಕುಮಟೆಯ ಫೋಟೋ ಬಳಗದವರು ಇಬ್ಬರು ನಮ್ಮ ಮನೆಗೆ ಬಂದಿದ್ದರು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಬ್ಬಳು ಕಂಪ್ಯೂಟರ್ ಕಲಿಸುವ ಹುಡುಗಿ. ಈ ಮಳೆಗಾಲದ ಕೊನೆಗೆ ಹೊನ್ನಾವರದಲ್ಲಿ ತೀರಿಕೊಂಡ ನನ್ನ ಭಾವನ, ಅಂದರೆ ನನ್ನ ಅಕ್ಕನ ಗಂಡನ, ಚಿತ್ರಗಳ ಪ್ರದರ್ಶನ ಮಾಡುತ್ತಾರಂತೆ. ಮನೆಯ ಬಚ್ಚಲಲ್ಲಿ ಕೂತು ಸ್ಲೈಡಿನಿಂದ ಬಣ್ಣದ ಪ್ರಿಂಟ್ ತೆಗೆದ ಮನುಷ್ಯ ಈ ಮೂರು ತಾಲೂಕಿನಲ್ಲಿ ಅವರೊಬ್ಬರೇ ಅಂತೆ. ಪುಸ್ತಿಕೆಯೊಂದನ್ನೂ ತರುತ್ತಾರೆ. ಅದಕ್ಕೆ ನಾನು ಅವರ ಬಗ್ಗೆ ಎರಡು ಒಳ್ಳೆಯ ಮಾತು ಬರೆದುಕೊಡಬೇಕು.

"ಮುಖಪುಟಕ್ಕೆ ಆ ಮಲ್ಲಿಗೆ ಕಟ್ಟೂ ಚಿತ್ರಾನೇ ಹಾಕೂದು ಅಂತ ಮಾಡಿದ್ದು ಟೀಚರ್," ಎಂದಳು ಹುಡುಗಿ. ನಮ್ಮ ಜಗಲಿಯ ಗೋಡೆಯ ಮೇಲಿದ್ದ ಅದೇ ಚಿತ್ರದ ಮುಂದೆ ನಿಂತು, "ಎಂತಾ ಬಣ್ಣ ನೋಡಿ! ನಿನ್ನೆ ಮಾಡಿದ ಹಂಗೇ ಅದೆ," ಎಂದೂ ಹೇಳಿದಳು.

ಚಿತ್ರದಲ್ಲಿರುವುದು ನನ್ನ ಅಕ್ಕ. ಅವಳು ಹೋಗಿ ಮೂವತ್ತು ವರ್ಷದ ಮೇಲಾಯಿತು. ಆ ಚಿತ್ರದ ಮೇಲೆ, ಅದನ್ನು ಮಾಡಿದವರ ಮೇಲೆ, ಅಷ್ಟೇ ವರ್ಷದ ಸಿಟ್ಟು ನನ್ನಲ್ಲಿದೆ. ಅದನ್ನು ಆ ಹುಡುಗಿಗೆ ಹೇಳಲಿಲ್ಲ. ಚಾ ಕೊಟ್ಟು, "ನೋಡ್ತೆ" ಎಂದೆ. ಭಾವನ ಟಿಪ್ಪಣಿ ಪುಸ್ತಕಗಳ ಪೆಟ್ಟಿಗೆಯೊಂದನ್ನು ನನ್ನ ಬಳಿ ಬಿಟ್ಟು ಹೋದರು. ಅದರಲ್ಲಿರುವ ಊರು, ಮನುಷ್ಯರನ್ನು ಗುರುತಿಸಲು ಈಗ ಉಳಿದವಳು ನಾನೊಬ್ಬಳೇ.

ಒಳ್ಳೆಯ ಮಾತೇ ಬೇಕಿದ್ದರೆ ಬೇರೆ ಮನೆಗೆ ಹೋಗಬೇಕಿತ್ತು. ಅವರ ಶಿಷ್ಯರು ಬೇಕಾದಷ್ಟು ಜನ ಇದ್ದಾರೆ. ಆದರೂ ಕೇಳಿದ್ದಾರೆ, ಬರೆಯುತ್ತೇನೆ. ಆ ಚಿತ್ರ ಮುಖಪುಟಕ್ಕೆ ಹೋಗುವ ಮೊದಲು ಅದರ ಕಥೆ ಯಾರಾದರೂ ಹೇಳಬೇಕು.

ಭಾವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ಗಾಜಿನ ನಳಿಕೆಯಿಂದ ತೊಟ್ಟು ತೊಟ್ಟಾಗಿ ದ್ರಾವಣ ಬಿಟ್ಟು, ಯಾವ ತೊಟ್ಟಿಗೆ ಬಣ್ಣ ತಿರುಗಿತು ಎಂದು ಮಕ್ಕಳಿಗೆ ತೋರಿಸುವುದು ಅವರ ಕೆಲಸ. ಒಂದು ತೊಟ್ಟು ಹೆಚ್ಚಾದರೂ ಚೆಲ್ಲಿಸಿ ಮೊದಲಿನಿಂದ ಮಾಡಿಸುತ್ತಿದ್ದರಂತೆ. ಬಣ್ಣ ತಿರುಗುವುದನ್ನು ಕಾಯುವುದಕ್ಕೇ ಸಂಬಳ ಪಡೆದ ಮನುಷ್ಯ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ತೆಳ್ಳಗೆ, ಉದ್ದಕ್ಕೆ ಇದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಥರ್ಮಾಮೀಟರು. ಮಾತು ಕಡಿಮೆ. ಯಾರ ಮನೆಗೆ ಹೋದರೂ ಮೊದಲು ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡುವುದು, ಆಮೇಲೆ ಮನೆಯವರನ್ನು. ಕಾಯ್ಕಿಣಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗಲೂ ಹಾಗೆಯೇ ಮಾಡಿದರೆಂದು ಅಮ್ಮ ನಗಾಡುತ್ತಿದ್ದಳು. "ಗಂಡು ಕಿಟಕಿ ನೋಡಿ ಹೋತು, ಹುಡುಗೀನ ನೋಡ್ಲಿಲ್ಲೆ," ಎಂದು. ಆಗ ನಾವೆಲ್ಲ ನಕ್ಕಿದ್ದೆವು.

ಸ್ಲೈಡು ಅಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಅದು ಬೆರಳೆರಡರಷ್ಟು ಅಗಲದ ಚೌಕಟ್ಟಿನೊಳಗಿನ ಫಿಲ್ಮು. ಮಾಮೂಲಿ ಫಿಲ್ಮಿನಲ್ಲಿ ಮುಖ ಕಪ್ಪಾಗಿ, ಕೂದಲು ಬೆಳ್ಳಗಾಗಿ ಎಲ್ಲ ತಲೆಕೆಳಗು ಕಾಣುತ್ತದಲ್ಲ, ಇದರಲ್ಲಿ ಹಾಗಲ್ಲ. ಇದ್ದ ಬಣ್ಣ ಇದ್ದ ಹಾಗೇ ಮೂಡುತ್ತದೆ. ಬೆಳಕಿಗೆ ಹಿಡಿದರೆ ಸಾಕು. "ಸ್ಲೈಡ್ ಸುಳ್ಳು ಹೇಳೂದಿಲ್ಲೆ," ಎಂದು ಭಾವ ಹೇಳುತ್ತಿದ್ದರು. ಫಿಲ್ಮನ್ನು ತೊಳೆಯಲು ಮುಂಬಯಿಗೆ ಕಳಿಸಿ, ಅದು ಅಂಚೆಯಲ್ಲಿ ಮರಳಿ ಬರುವತನಕ ಮೂರು ವಾರ ಕಾಯುವುದು. ಅದರಲ್ಲಿ ಒಂದನ್ನು ಆರಿಸಿ, ಬಚ್ಚಲ ಕತ್ತಲಲ್ಲಿ ದೊಡ್ಡ ಕಾಗದದ ಮೇಲೆ ಮೂಡಿಸುವುದು.

ಆ ಬಚ್ಚಲ ಬಗ್ಗೆ ಹೇಳದಿದ್ದರೆ ಆಗದು. ಭಾನುವಾರ ಹನ್ನೊಂದಕ್ಕೆ ಕಿಟಕಿಗೆ ಕರಿ ಕಂಬಳಿ, ಬಾಗಿಲ ಸಂದಿಗೆ ಹಳೇ ಸೀರೆ, ಹಂಡೆಯ ಪಕ್ಕ ಹಲಗೆ, ಹಲಗೆಯ ಮೇಲೆ ಸ್ಲೈಡನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್. ಸಂಜೆ ನಾಲ್ಕರವರೆಗೆ ಆ ಮನೆಯಲ್ಲಿ ಯಾರೂ ಮೀಯುವ ಹಾಗಿಲ್ಲ. ಹೊನ್ನಾವರದ ಸೆಕೆಯಲ್ಲಿ, ಮೈಗೆ ಎಣ್ಣೆ ಹಚ್ಚಿಕೊಂಡು ನಾನು ಎಷ್ಟು ಭಾನುವಾರ ಜಗಲಿಯಲ್ಲಿ ಕೂತಿದ್ದೇನೋ ಲೆಕ್ಕವಿಲ್ಲ. ಒಳಗಿಂದ ಮೂಗು ಕಿತ್ತು ಹೋಗುವ ಹುಳಿ ವಾಸನೆ. ಉಳಿದ ದ್ರಾವಣವನ್ನು ಸೋಡಾ ಹಾಕಿ ತಣಿಸಿ ಹಿತ್ತಲ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ಆ ಮರ ಎರಡು ವರ್ಷ ಮಿಳ್ಳೆ, ಅಂದರೆ ಎಳೆ ಹೀಚು, ಉದುರಿಸಿ ಕೊನೆಗೆ ಒಣಗಿ ನಿಂತಿತು.

ಕತ್ತಲಲ್ಲಿ ಕಾಗದವನ್ನು ಒಂದು ಡ್ರಮ್ಮಿನೊಳಗೆ ಹಾಕಿ ಮುಚ್ಚಿಬಿಟ್ಟರೆ ಆಮೇಲೆ ಬೆಳಕಿಗೆ ತರಬಹುದು. ಡ್ರಮ್ಮು ಅಂದರೆ ತೋಳುದ್ದದ ಪ್ಲಾಸ್ಟಿಕ್ ಕೊಳವೆ. ಒಳಗೆ ಒಂದೊಂದೇ ದ್ರಾವಣ ಸುರಿದು, ಒಂದೇ ವೇಗದಲ್ಲಿ, ನಿಲ್ಲಿಸದೆ, ನೆಲದ ಮೇಲೆ ಹಿಂದೆ ಮುಂದೆ ಉರುಳಿಸುತ್ತಿರಬೇಕು. ಉರುಳಿಸುತ್ತಿದ್ದವಳು ಅಕ್ಕ. ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ಹಪ್ಪಳ ಲಟ್ಟಿಸುವವಳ ಹಾಗೆ ಎರಡು ಅಂಗೈಯಲ್ಲಿ. ನೀರಿನ ಬಿಸಿ ಏರದ ಹಾಗೆ, ಇಳಿಯದ ಹಾಗೆ ನೋಡಿಕೊಳ್ಳುವುದೂ ಅವಳೇ. ಮೊಣಕೈ ಅದ್ದಿ, "ಅರ್ಧ ಡಿಗ್ರಿ ಜಾಸ್ತಿ ಆತು," ಎನ್ನುತ್ತಿದ್ದಳು. ಭಾವ ಥರ್ಮಾಮೀಟರು ಇಟ್ಟರೆ ಅರ್ಧ ಡಿಗ್ರಿಯೇ ಜಾಸ್ತಿ ಇರುತ್ತಿತ್ತು. ಅವಳ ಒಂದು ಸೀರೆಯೂ ಕಲೆಯಿಲ್ಲದೆ ಉಳಿದಿರಲಿಲ್ಲ. ಈ ಪ್ರದರ್ಶನದಲ್ಲಿ ತೂಗುಹಾಕುವ ಹಳೆಯ ಚಿತ್ರಗಳೆಲ್ಲ ಅವಳ ಅಂಗೈ ಕೆಳಗೆ ಉರುಳಿ ಬಂದವು. ಪುಸ್ತಿಕೆಯಲ್ಲಿ ಅವಳ ಹೆಸರು ಎಲ್ಲಾದರೂ ಇದೆಯೋ ನೋಡಬೇಕು.

ಅವರು ಚಿತ್ರ ತೆಗೆದದ್ದಾದರೂ ಯಾವುದರದ್ದು? ಶರಾವತಿಯ ದೋಣಿ, ಬಾಡ ಊರಿನ ಕಡಲ ಬದಿಯ ಒಣಮೀನು, ಮಳೆ ಬಿಟ್ಟ ಮೇಲಿನ ಕೆಸರು. ನನ್ನ ಮದುವೆಯಲ್ಲಿ ಎರಡು ರೋಲು ತೆಗೆದರು. ಒಂದು ವರ್ಷವಾದ ಮೇಲೆ ಒಂದೇ ಒಂದು ಪ್ರಿಂಟ್ ತಂದುಕೊಟ್ಟರು. ಅದರಲ್ಲಿ ಮಂಟಪದ ಬಾಳೆದಿಂಡು ಇತ್ತು, ನಾನಿರಲಿಲ್ಲ. "ನಿನ್ ಮೇಲೆ ಬೆಳಕು ಬಿದ್ದೇ ಇತ್ತಿಲ್ಲೆ ತಂಗಿ," ಎಂದರು. ಹನ್ನೆರಡು ವರ್ಷದ ಸಂಸಾರದಲ್ಲಿ ಅಕ್ಕನದ್ದೂ ಒಂದು ಚಿತ್ರ ತೆಗೆದಿರಲಿಲ್ಲ. ಅವಳು ಒಮ್ಮೊಮ್ಮೆ ಕೇಳುತ್ತಿದ್ದಳು, "ನಂದೂ ಒಂದು ತೆಗೀರಲ್ಲ" ಎಂದು. "ನೋಡ್ವ, ಬೆಳಕು ಬರಲಿ" ಎನ್ನುವುದು ಉತ್ತರ. ಅವರಿಗೆ ಮಕ್ಕಳಾಗಲಿಲ್ಲ. ಮಕ್ಕಳಿದ್ದಿದ್ದರೆ ಅವುಗಳಿಗೂ ಬೆಳಕು ಸರಿಯಾಗಿ ಬೀಳುತ್ತಿತ್ತೋ ಇಲ್ಲವೋ.

ಒಂದು ಮಾತು ಮಾತ್ರ ಅವರದ್ದು ಎಲ್ಲರಿಗೂ ಬಾಯಿಪಾಠ. ಯಾರಾದರೂ ಪ್ರಿಂಟ್ ತಂದು ತೋರಿಸಿದರೆ, "ಮೊದಲು ಬಿಳಿ ನೋಡು. ಬಿಳಿ ಬೆಳ್ಳಗಿದ್ರೆ ಉಳ್ದದ್ದೆಲ್ಲ ಸರಿ" ಎನ್ನುತ್ತಿದ್ದರು. ಮುಗಿಲಿರಲಿ, ಪಂಚೆಯಿರಲಿ, ಕೊಕ್ಕರೆಯಿರಲಿ, ಚಿತ್ರದಲ್ಲಿ ಎಲ್ಲಿ ಬಿಳಿ ಇದೆ ಎಂದು ಹುಡುಕಿ ಅದನ್ನು ಸರಿಮಾಡುವುದು. ಎನ್‌ಲಾರ್ಜರಿನಲ್ಲಿ ತೆಳ್ಳನೆಯ ಬಣ್ಣದ ಹಾಳೆಗಳನ್ನು ಹಾಕಿ ತೆಗೆದು ಮಾಡುವ ಕೆಲಸ ಅದು. ಚಿತ್ರ ಹಳದಿಗೆ ತಿರುಗಿದ್ದರೆ ಹಳದಿ ಇಳಿಸುತ್ತಾರೆ. ಹಳದಿ ಇಳಿಸಿದಷ್ಟು ನೀಲಿ ಏರುತ್ತದೆ. ಒಂದು ಮುಖಕ್ಕೆ ಮಾತ್ರ ಇಳಿಸುತ್ತೇನೆ ಎಂದರೆ ಆಗುವುದಿಲ್ಲ, ಇಡೀ ಚಿತ್ರಕ್ಕೇ ಇಳಿಯುತ್ತದೆ. ಇಷ್ಟು ನನಗೂ ಅರ್ಥವಾಗಿತ್ತು. ಪ್ರದರ್ಶನದ ಬ್ಯಾನರಿನ ಮೇಲೆ ಅದೇ ಮಾತು ಹಾಕುತ್ತಾರಂತೆ, ‘ಮೊದಲು ಬಿಳಿ ನೋಡು’. ಹಾಕಲಿ.

ಆ ವರ್ಷ ಚೌತಿಗೆ ಮೊದಲು ನಾನು ನಾಲ್ಕು ದಿನ ರಜೆ ಹಾಕಿ ಅಕ್ಕನ ಮನೆಗೆ ಸುಣ್ಣ ಬಳಿಯಲು ಹೋದೆ. ನಾನು ಬಾಡದ ಶಾಲೆಯಲ್ಲಿ ಟೀಚರಾಗಿದ್ದೆ, ಕುಮಟೆಯಲ್ಲಿ ಮನೆ. ಸುಣ್ಣಕ್ಕೆ ಸ್ವಲ್ಪ ನೀಲಿ ಪುಡಿ ಬೆರೆಸುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದ್ದದ್ದೇ. ಬೆರೆಸದಿದ್ದರೆ ಗೋಡೆ ಬೇಗ ಮಂಕಾಗುತ್ತದೆ. ಆ ಸಲ ಅಂಗಡಿಯಲ್ಲಿ ನೀಲಿ ಮುಗಿದಿತ್ತು. "ಇರ್ಲಿ ಬಿಡು, ಹಂಗೇ ಬಳಿಯೂದು," ಎಂದಳು ಅಕ್ಕ. ಬಳಿದು ಒಣಗಿದ ಮೇಲೆ ನೋಡಿದರೆ ಹಾಲಿನ ಹಾಗೆ ಬೆಳ್ಳಗೆ ಬಂದಿತ್ತು. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ಆಗಲೇ ಅವಳಿಗೆ ಹೊಟ್ಟೆಯ ಬಲಗಡೆ ನೋವು ಬಂದು ಹೋಗಿ ಮಾಡುತ್ತಿತ್ತು. "ಪಿತ್ತ ಮಾರಾಯ್ತಿ, ಎಂತೂ ಇಲ್ಲೆ" ಎಂದು ಮುರುಗಲ ಹಣ್ಣಿನ ಪಾನಕ ಕುಡಿದು ಸುಮ್ಮನಾಗುತ್ತಿದ್ದಳು.

ಚೌತಿ ಕಳೆದ ಮೇಲೆ ಭಾವ ಪ್ರಿಂಟಿನ ಕಾಗದ ತರಲು ಭಟ್ಕಳಕ್ಕೆ ಹೋದರು. ಅಲ್ಲಿ ಫಾರಿನ್ ಸಾಮಾನಿನ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ದುಬೈಯಲ್ಲಿದ್ದ ತಮ್ಮನಿಂದ ಈ ಕಾಗದ, ದ್ರಾವಣ ತರಿಸಿಕೊಡುತ್ತಿದ್ದರು. ಒಳ್ಳೆಯ ಜನ. ಆ ದಿನ ಅವರು, "ಮಾಸ್ತರ್, ಬಂದಾಗೆಲ್ಲ ಕಾಗದ ಕಾಗದ ಅಂತೀರಿ. ಮನೇಗೆ ಎಂತಾದ್ರೂ ತಗೊಂಡು ಹೋಗೂದುಂಟಾ?" ಎಂದು ಬೈದು, ಪಕ್ಕದ ಹಳ್ಳಿ ಹೆಬಳೆಯಿಂದ ತಮ್ಮ ಮನೆಗೆ ಬಂದಿದ್ದ ಮಲ್ಲಿಗೆ ಮೊಗ್ಗಿನಲ್ಲಿ ಒಂದು ಪೊಟ್ಟಣ ಕಟ್ಟಿಕೊಟ್ಟರಂತೆ. ಭಟ್ಕಳ ಮಲ್ಲಿಗೆ ಎಂದರೆ ನಮ್ಮ ಹೆಂಗಸರ ಆಸೆ ಕೇಳುವುದೇ ಬೇಡ. ಅಕ್ಕನಿಗೆ ಆದ ಖುಷಿ ನನಗೆ ಕಾಗದ ಬರೆದು ತಿಳಿಸುವಷ್ಟು. ‘ಗಂಡನ ಕೈಯಿಂದ ಹೂವು ಬಂತು, ಸಾಹೇಬರ ದೆಸೆಯಿಂದ’ ಎಂದು ಬರೆದಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ಹಿತ್ತಲಲ್ಲಿ ನಾವು ಬಳಿದ ಗೋಡೆಗೆ ಒರಗಿ, ತಲೆ ತಗ್ಗಿಸಿ, ಮಲ್ಲಿಗೆ ಕಟ್ಟುತ್ತ ಕೂತವಳನ್ನು ಭಾವ ಕಂಡರು. ಗೋಡೆಯ ಬೆಳಕು ಅವಳ ಮುಖಕ್ಕೆ ಬಿದ್ದಿತ್ತು. ಕೊನೆಗೂ ಬೆಳಕು ಬಂದಿತ್ತು ಅನ್ನಿ. ಒಂದೇ ಒಂದು ಚಿತ್ರ ತೆಗೆದರು. ಕಣ್ಣು ಕೆಳಗಿದ್ದುದರಿಂದ ಅದರಲ್ಲಿ ಅವಳ ಕಣ್ಣು ಕಾಣುವುದಿಲ್ಲ. ಕಂಡಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಮೂರು ವಾರ ಕಳೆದು ಮುಂಬಯಿಯಿಂದ ಸ್ಲೈಡು ಬಂತು. ಅದನ್ನು ಪ್ರಿಂಟ್ ಮಾಡಿದ ಭಾನುವಾರ ನಾನು ಅಲ್ಲಿದ್ದೆ. ಹೊರಗೆ ಮೋಡ ಮುಚ್ಚಿ ಮನೆಯೊಳಗೆಲ್ಲ ಬಲ್ಬು ಹಾಕಿದ್ದರು. ಬೆಳಗಿಂದ ಭಾವನದ್ದು ಒಂದೇ ಗೊಣಗಾಟ, "ಹಳದಿ ಬತ್ತದೆ, ಫಿಲ್ಮ್ ಎಲ್ಲೋ ಬಿಸಿಗೆ ಸಿಕ್ಕದೆ" ಎಂದು. ಒಂದು ಪ್ರಿಂಟ್ ಆಯಿತು, ಹಳದಿ. ಇನ್ನೊಂದಾಯಿತು, ಇನ್ನೂ ಹಳದಿ. ಅಕ್ಕ ಗೋಡೆಗೆ ಒರಗಿ ಕೂತು ಡ್ರಮ್ಮು ಉರುಳಿಸುತ್ತಲೇ ಇದ್ದಳು. ನಡುವೆ ಕೈ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. "ನಿಲ್ಸಬೇಡ, ಪಟ್ಟೆ ಬೀಳ್ತದೆ," ಎನ್ನುತ್ತಿದ್ದರು ಭಾವ. ಮೂರನೆಯದು ಸರಿಯಾಯಿತು. ಮುಖ ಗೋಧಿ ಬಣ್ಣಕ್ಕೆ ಬಂತು. ಒದ್ದೆ ಪ್ರಿಂಟನ್ನು ಅಕ್ಕನ ಮುಂದೆ ಹಿಡಿದು, "ನೋಡು, ಈಗ ನೀನಾದೆ" ಎಂದರು. ಅಕ್ಕ ನಕ್ಕಳು. "ಇಷ್ಟು ಚಂದ ಇದ್ದೆನಾ ನಾನು?" ಎಂದಳು.

ಎದುರಿಗೆ ಕೂತವಳ ಮುಖ ಮೊದಲ ಪ್ರಿಂಟಿನದ್ದಕ್ಕಿಂತ ಹಳದಿಯಾಗಿತ್ತು. ಅದನ್ನು ಈಗ ಹೇಳುತ್ತೇನೆ. ಆವತ್ತು ಬಲ್ಬಿನ ಬೆಳಕಿನಲ್ಲಿ ಎಲ್ಲರೂ ಹಳದಿಯೇ. ನಾನೂ ನೋಡಿದೆ, ಅರಿಶಿನ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ಆದರೆ ನಾನು ತಿಂಗಳಿಗೊಮ್ಮೆ ಬಂದು ಹೋಗುವವಳು. ಅವರು ದಿನಾ ಅವಳ ಕೈಯಲ್ಲಿ ಉಂಡವರು.

ಹತ್ತು ದಿನ ಬಿಟ್ಟು ಚಳಿಜ್ವರ ಬಂದು ಅಕ್ಕ ಹಾಸಿಗೆ ಹಿಡಿದಳು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿ, ಕಾಮಾಲೆಯಾಗಿ, ಕೀವು ರಕ್ತಕ್ಕೆ ಸೇರಿತ್ತು. "ಇಷ್ಟು ಹಳದಿಯಾಗುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ವಾ? ಒಂದು ಹದಿನೈದು ದಿನ ಮೊದಲು ಬಂದಿದ್ದರೆ ಕಲ್ಲು ತೆಗೆದು ಕಳಿಸ್ತಿದ್ದೆವು," ಎಂದರು ಡಾಕ್ಟರು. ಭಾವ ಗೋಡೆ ನೋಡುತ್ತ ನಿಂತಿದ್ದರು. ಐದನೆಯ ದಿನ ಅಕ್ಕ ಹೋದಳು.

ಹದಿಮೂರನೆಯ ದಿನ ಕಳೆದು ಹೊರಡುವಾಗ ನಾನು ಕೇಳಿಯೇ ಬಿಟ್ಟೆ, ನೆಂಟರೆಲ್ಲ ಜಗಲಿಯಲ್ಲಿದ್ದರು. "ಭಾವ, ಕಾಗದದ ಮೇಲೆ ಹಳದಿ ಕಂಡ್ತು ನಿಮಗೆ. ಎರಡು ಸಲ ಕಂಡ್ತು. ತೆಗ್ದು ತೆಗ್ದು ಸರಿ ಮಾಡಿದ್ರಿ. ಹೆಂಡ್ತಿ ಮುಖದ ಮೇಲೆ ಕಾಣ್ಲಿಲ್ವಾ?"

ಅವರು, "ಫಿಲ್ಮಿನ ತಪ್ಪು ಅಂತ ಮಾಡಿದೆ" ಎಂದರು. ಅಷ್ಟೇ. ನನ್ನ ಮುಖವನ್ನು ಒಮ್ಮೆ ನೋಡಿದರು, ಇನ್ನೇನೋ ಹೇಳುವವರ ಹಾಗೆ ತುಟಿ ಅಲ್ಲಾಡಿತು, ಹೇಳಲಿಲ್ಲ. ನಾನು ಒಳಗೆ ಹೋಗಿ ಆ ಸ್ಲೈಡನ್ನು ಡಬ್ಬದಿಂದ ಎತ್ತಿಕೊಂಡು ಬಂದೆ. ಅವರು ಬೇಡ ಅನ್ನಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಸ್ಲೈಡು ಸುಳ್ಳು ಹೇಳಿತು ಎಂದುಕೊಂಡರು, ಅದೂ ಅದು ನಿಜ ಹೇಳಿದ ದಿನವೇ.

ಅಲ್ಲಿಗೆ ಪ್ರಿಂಟ್ ಮಾಡುವುದನ್ನು ಬಿಟ್ಟರು ಎಂದುಕೊಂಡಿರಾ? ಬಿಡಲಿಲ್ಲ. ಆರು ತಿಂಗಳಿಗೆ ಮತ್ತೆ ಬಚ್ಚಲ ಕಿಟಕಿಗೆ ಕಂಬಳಿ ಬಿತ್ತು. ಡ್ರಮ್ಮು ಉರುಳಿಸಲು ಅಕ್ಕನ ಹೊಲಿಗೆ ಯಂತ್ರದ ಮೋಟಾರು ಬಿಚ್ಚಿ ಒಂದು ಹಲಗೆಗೆ ಕೂರಿಸಿದರಂತೆ. ಅದನ್ನು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಅಕ್ಕನ ಜಾಗಕ್ಕೆ ಒಂದು ಮೋಟಾರು ಸಾಕಾಯಿತಲ್ಲ! ಆಮೇಲೆ ಅವರ ಹೆಸರು ಬೆಳೆಯಿತು, ಕಲಿಯಲು ಜನ ಬಂದರು, ಆ ಮಲ್ಲಿಗೆ ಚಿತ್ರಕ್ಕೆ ಎಲ್ಲೋ ಬಹುಮಾನವೂ ಬಂತು. ಕೊನೆಗೆ ಆ ಕಾಗದವೇ ಎಲ್ಲೂ ಸಿಗದಾದಾಗ ಬಚ್ಚಲು ಮೀಯುವುದಕ್ಕೆ ಬಿಡುವಾಯಿತು. ಮೀಯಲು ಮನೆಯಲ್ಲಿ ಅವರೊಬ್ಬರೇ ಇದ್ದರು.

ಪ್ರಿಂಟ್ ಎರಡು ಪ್ರತಿ ಮಾಡಿದ್ದರು. ಒಂದನ್ನು ನನಗೆ ತಂದುಕೊಟ್ಟಿದ್ದರು. ಅಕ್ಕನ ಮುಖವಿದ್ದ ಚಿತ್ರವನ್ನು ಹೇಗೆ ಒಲ್ಲೆನೆನ್ನಲಿ? ಜಗಲಿಯಲ್ಲಿ ತೂಗುಹಾಕಿದೆ. ಬಂದವರೆಲ್ಲ ಮುಖ ನೋಡಿ ಹೊಗಳಿದರು. ಸ್ಲೈಡನ್ನು ಬಳೆ ಡಬ್ಬದಲ್ಲಿ ಹತ್ತಿ ಸುತ್ತಿ ಇಟ್ಟೆ. ಈ ಮೂವತ್ತು ವರ್ಷದಲ್ಲಿ ಎರಡೇ ಸಲ ಕಿಟಕಿಗೆ ಹಿಡಿದು ನೋಡಿದ್ದೇನೆ, ಅದೂ ಅವಳ ಮುಖವನ್ನು ಮಾತ್ರ.

ವರ್ಷಕ್ಕೊಮ್ಮೆ, ಚೌತಿ ಕಳೆದ ವಾರ, ಭಾವ ನಮ್ಮ ಮನೆಗೆ ಬರುತ್ತಿದ್ದರು. ಯಾಕೆ ಬರುತ್ತಿದ್ದರೋ. ಜಗಲಿಯ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಚಾ ಕೊಡುತ್ತಿದ್ದೆ, ಮಾತು ಕೊಡುತ್ತಿರಲಿಲ್ಲ. ಕೊನೆಯ ಸಲ ಬಂದದ್ದು ಹೋದ ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ, ನಮ್ಮ ಗೋಡೆ ನೋಡುತ್ತ ಕೂತರು.

"ಒಂದು ಕಣ್ಣಲ್ಲಿ ಎಲ್ಲ ಹಳದಿ ಕಾಣ್ತದೆ ತಂಗಿ, ಆಪ್ರೇಶನ್ ಆದ ಕಣ್ಣಲ್ಲಿ ನೀಲಿ. ನಿನ್ ಗೋಡೆ ನಿಜವಾಗಿ ಎಂತಾ ಬಣ್ಣ?"

"ಬಿಳಿ," ಎಂದೆ.

"ಸುಣ್ಣಕ್ಕೆ ನೀಲಿ ಹಾಕಿದ್ಯಾ?"

"ಈಗ ಸುಣ್ಣ ಯಾರು ಬಳೀತ್ರು ಭಾವ? ಪೇಂಟು." ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಹಳದಿ ಯಾವುದು ಅಂತ ಈಗಾದ್ರೂ ಗೊತ್ತಾತಲ್ಲ ನಿಮಗೆ," ಎಂದೆ.

ಅವರು ಕನ್ನಡಕ ಹಾಕಿಕೊಂಡರು. ಅರ್ಧ ಲೋಟ ಚಾ ಬಿಟ್ಟು, "ಬತ್ತೆ" ಎಂದು ಎದ್ದರು. ಮುದುಕರಿಗೆ ಮರುಳು ಎಂದುಕೊಂಡು ನಾನು ಲೋಟ ತೊಳೆದಿಟ್ಟೆ. ಮತ್ತೆ ಅವರು ಬರಲಿಲ್ಲ.

ಇಷ್ಟು ಬರೆಯಬೇಕು, ಬರೆದು ಫೋಟೋ ಬಳಗದವರ ಮುಖಕ್ಕೆ ಹಿಡಿಯಬೇಕು ಎಂದು ನಿಶ್ಚಯ ಮಾಡಿ ಮೊನ್ನೆ ಪೆಟ್ಟಿಗೆ ಬಿಚ್ಚಿದೆ. ಟಿಪ್ಪಣಿ ಪುಸ್ತಕಗಳಲ್ಲಿ ಒಂದೊಂದು ಪ್ರಿಂಟಿಗೂ ಯಾವ ಬಣ್ಣದ ಹಾಳೆ ಎಷ್ಟು, ಎಷ್ಟು ಸೆಕೆಂಡು ಬೆಳಕು ಎಂಬ ಬರಹ. ಉರುಟು ಉರುಟು ಅಕ್ಷರ. ಆ ಭಾನುವಾರದ ಪುಟ ಸಿಕ್ಕಿತು. ಅಲ್ಲಿದ್ದದ್ದನ್ನು ಹಾಗೆಯೇ ಇಳಿಸುತ್ತೇನೆ.

‘ಮಲ್ಲಿಗೆ. ಒಂದು: ಮುಖ ಹಳದಿ. ಫಿಲ್ಮಿನ ದೋಷ? ಎರಡು: ಹಳದಿ ಇಳಿಸಿದೆ, ಸಾಲದು. ಮೂರು: ಮುಖ ಸರಿ, ಗೋಡೆ ನೀಲಿ. ಬಿಳಿ ಸರಿ ಇಲ್ಲ. ಮುಖ ಸರಿಯಾದರೆ ಬಿಳಿ ಯಾಕೆ ಕೆಡುತ್ತದೆ? ನಾಳೆ ಆಕಾಶದ ಬೆಳಕಿಗೆ ಹಿಡಿದು ಸ್ಲೈಡು ಮತ್ತೆ ನೋಡಬೇಕು. ಇವಳನ್ನೂ ಹೊರಗೆ ಕೂರಿಸಿ ನೋಡಬೇಕು.’

ಈ ಕೊನೆಯ ಎರಡು ವಾಕ್ಯಗಳ ಮೇಲೆ ಅಡ್ಡ ಗೆರೆ ಎಳೆದಿದೆ. ಅದರ ಕೆಳಗೆ ಬರೆದದ್ದು: ‘ತಂಗಿಯನ್ನು ಕೇಳಿದೆ. ಸುಣ್ಣಕ್ಕೆ ಒಂದು ಮುಷ್ಟಿ ನೀಲಿ ಹಾಕಿದ್ದಾಳಂತೆ. ಹಾಗಾದರೆ ಗೋಡೆ ನೀಲಿಯೇ. ಚಿತ್ರ ಸರಿ ಇದೆ. ಎರಡು ಪ್ರತಿ.’

ಓದಿದ ಕೂಡಲೇ ನೆನಪಾಗಲಿಲ್ಲ. ಇದೆಂತ ಸುಳ್ಳು ಬರೆದಿದ್ದಾರೆ, ಸತ್ತ ಮೇಲೂ ನನ್ನ ತಲೆಗೆ ಕಟ್ಟುತ್ತಾರಲ್ಲ ಎಂದು ಮೈಯೆಲ್ಲ ಉರಿಯಿತು. ಆಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿಯುವಾಗ ನೆನಪಾಯಿತು. ಅಕ್ಕ ಬಾವಿಗೆ ಹೋಗಿದ್ದಳು. ನಾನು ಬೆಳಗಿಂದ ಮೀಯದೆ, ಮೈಗೆ ಹಚ್ಚಿದ ಎಣ್ಣೆ ಒಣಗಿ, ಸಿಟ್ಟು ಮೂಗಿನ ತುದಿಯಲ್ಲಿಟ್ಟುಕೊಂಡು ಕೂತಿದ್ದೆ. ಬಚ್ಚಲ ಬಾಗಿಲ ಸಂದಿಯಿಂದ ಭಾವ ತಲೆ ಹಾಕಿ ಕೇಳಿದರು, "ಏ ತಂಗಿ, ಸುಣ್ಣಕ್ಕೆ ನೀಲಿ ಹಾಕಿದ್ರಾ ಹೆಂಗೆ? ಗೋಡೆ ನೀಲಿ ಬತ್ತದಲ್ಲ."

ನಾಲ್ಕು ದಿನ ಬೆವರು ಸುರಿಸಿ ಬಳಿದ ಗೋಡೆ. ಅದಕ್ಕೂ ಹೆಸರಿಡಲು ಬಂದರಲ್ಲ ಎಂದು ನಾನು ಹೇಳಿದೆ, "ಹೌದು, ಹಾಕ್ದೆ. ಒಂದು ಮುಷ್ಟಿ ಜಾಸ್ತೀನೇ ಹಾಕ್ದೆ. ಗೋಡೆ ಬಳಿಯೂಕೂ ನಿಮ್ಮನ್ನ ಕೇಳ್ಬೇಕಾಗಿತ್ತಾ?"

"ಹಾಕಿದ್ರೆ ಆತು," ಎಂದು ಬಾಗಿಲು ಹಾಕಿಕೊಂಡರು.

ಹಾಕಿರಲಿಲ್ಲ. ನೀಲಿ ಆ ಮನೆಯಲ್ಲಿ ಚಿಟಿಕೆಯಷ್ಟೂ ಇರಲಿಲ್ಲ.

ಹದಿಮೂರನೆಯ ದಿನ, ಅಷ್ಟು ಜನರ ಮುಂದೆ ನಾನು ಬೈದಾಗ ಅವರು ಇದನ್ನು ಹೇಳಬಹುದಿತ್ತು. ‘ನೀನೇ ಹೇಳಿದ್ಯಲ್ಲ’ ಎನ್ನಬಹುದಿತ್ತು. ಹ್ಞಾಂ, ಅದನ್ನೇ ನುಂಗಿಕೊಂಡರು. ಅದು ಅವರ ದೊಡ್ಡತನ ಎಂದು ನೀವು ಬರೆಯುತ್ತೀರಿ, ನನಗೆ ಗೊತ್ತು. ನನಗೆ ಹಾಗೆ ಅನ್ನಿಸುವುದಿಲ್ಲ. ಆವತ್ತೇ ಹೇಳಿದ್ದರೆ ಎದೆ ಬಡಿದುಕೊಂಡು ಅತ್ತು, ಅರ್ಧ ಪಾಪ ಅಲ್ಲೇ ಹೊತ್ತುಕೊಂಡು, ಉಳಿದ ಅರ್ಧಕ್ಕೆ ಅವರನ್ನು ಬೈದು, ಇಬ್ಬರೂ ಒಂದೇ ದುಃಖದಲ್ಲಿ ಮುದುಕರಾಗುತ್ತಿದ್ದೆವು. ಹೇಳದೆ, ವರ್ಷ ವರ್ಷ ಬಂದು ಬೆಂಚಿನ ಮೇಲೆ ಕೂತು, ಚಾ ಕುಡಿದು, ಕೊನೆಗೊಮ್ಮೆ ‘ಸುಣ್ಣಕ್ಕೆ ನೀಲಿ ಹಾಕಿದ್ಯಾ’ ಎಂದು ಕೇಳಿದರು. ಕೇಳಿದ್ದು ನನಗೆ ತಿಳಿಯಲಿಲ್ಲ. ಈಗ ಬೈಯಲು ಅವರಿಲ್ಲ, ಒಪ್ಪಿಕೊಳ್ಳಲು ಕೇಳುವವರೂ ಇಲ್ಲ. ಅವರನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಒಂದು ಹೇಳಿದ್ದೇ ಸಾಕಾಗಿದೆ.

ನಿನ್ನೆ ಬಳೆ ಡಬ್ಬದಿಂದ ಸ್ಲೈಡು ತೆಗೆದು, ಜಗಲಿಗೆ ಬಂದು, ಗೋಡೆಯ ಪ್ರಿಂಟಿನ ಪಕ್ಕ ನಿಂತು ಆಕಾಶಕ್ಕೆ ಹಿಡಿದೆ. ಈ ಸಲ ಮುಖ ನೋಡಲಿಲ್ಲ, ಅವರು ಕಲಿಸಿದ ಹಾಗೆ ಮೊದಲು ಬಿಳಿ ನೋಡಿದೆ. ಸ್ಲೈಡಿನಲ್ಲಿ ಗೋಡೆ ಹಾಲಿನ ಹಾಗಿದೆ, ಮಲ್ಲಿಗೆ ಬೆಳ್ಳಗಿದೆ, ಅಕ್ಕ ಒಬ್ಬಳೇ ಹಳದಿ. ಆಮೇಲೆ ಪ್ರಿಂಟ್ ನೋಡಿದೆ.

ಬಳಗದವರಿಗೆ ನಾನು ಹೇಳುವುದು ಇಷ್ಟೇ. ಆ ಚಿತ್ರವನ್ನು ಮುಖಪುಟಕ್ಕೆ ಹಾಕಿ. ನನ್ನ ಹತ್ತಿರ ಇರುವ ಸ್ಲೈಡನ್ನೂ ಒಯ್ದು ಪಕ್ಕದಲ್ಲೇ ಹಾಕಿ. ಇದನ್ನು ಅಚ್ಚು ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ಬೇಡ. ಬಂದವರಿಗೆಲ್ಲ ಬ್ಯಾನರಿನಲ್ಲಿದ್ದ ಹಾಗೆ ಮೊದಲು ಬಿಳಿ ನೋಡಲು ಹೇಳಿ. ಪ್ರಿಂಟಿನಲ್ಲಿ ಅಕ್ಕನ ಮಡಿಲು ತುಂಬ ಇರುವ ಭಟ್ಕಳ ಮಲ್ಲಿಗೆ, ಒಂದೊಂದು ಮೊಗ್ಗೂ, ತಿಳಿ ನೀಲಿ. ಗೋಡೆಗೆ ನೀಲಿ ಹಾಕಿದ್ದೆ ಎಂದು ನಾನು ಹೇಳಿದ್ದೆ, ಅವರು ನಂಬಿದರು. ಮಲ್ಲಿಗೆಗೆ ಯಾರು ಹಾಕಿದರು ಎಂದು ಅವರು ಆ ದಿನ ಕೇಳಲಿಲ್ಲ, ಮೂವತ್ತು ವರ್ಷ ಅದರ ಕೆಳಗೇ ಕೂತು ಚಾ ಕುಡಿದ ನಾನೂ ಕೇಳಲಿಲ್ಲ.